ಸದ್ದಿಲ್ಲದ ನೀರು

"ಇದು ಬಾಯ್ಲರ್ ಅಲ್ಲಕ್ಕಾ, ಸುಣ್ಣದ ಗೂಡು," ಎಂದ ಮೆಕ್ಯಾನಿಕ್ ಬಹ್ರಿ, ಯಂತ್ರದ ಹೊಟ್ಟೆಯೊಳಗೆ ತೂರಿಸಿದ್ದ ತಲೆಯನ್ನು ಹೊರಗೆ ತೆಗೆಯದೆಯೇ.

ಮೆದಿಹಾ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಅವನ ಚಹಾದ ಲೋಟ ಹಿಡಿದುಕೊಂಡು ಅಡುಗೆಮನೆಯ ಹಿಂದಿನ ಗಾಜು ಹಾಕಿಸಿದ ಬಾಲ್ಕನಿಯಲ್ಲಿ ನಿಂತಿದ್ದಳು. ಹೊರಗೆ ಅಫ್ಯೋನ್ ಊರಿನ ಕಪ್ಪು ಬಂಡೆಯ ನೆತ್ತಿಯ ಮೇಲೆ ಹಿಮ ಕೂತಿತ್ತು. ಚಹಾ ಆರಿ ಎಷ್ಟೋ ಹೊತ್ತಾಗಿತ್ತು. ಈ ಮನುಷ್ಯ ಕುಡಿಯುವುದೂ ಇಲ್ಲ, ಕೆಳಗಿಡಿ ಎನ್ನುವುದೂ ಇಲ್ಲ.

"ಹೋದ ಸಲ ಬಂದಾಗ್ಲೂ ಇದೇ ಮಾತು ಹೇಳಿದ್ರಿ."

"ಹೋದ ಸಲ ಗೂಡು ಚಿಕ್ಕದಿತ್ತು."

ಹೋದ ಸಲ ಅವನು ಪೈಪಿಗೆ ಒಂದು ಅಯಸ್ಕಾಂತ ಕಟ್ಟಿ ಹೋಗಿದ್ದ. ಅದಕ್ಕೂ ಮೊದಲು ಒಂದು ಜಾಲರಿ ಕೂರಿಸಿದ್ದ. ತಪ್ಪು ಮೊದಲು ಊರಿನ ಗಡಸು ನೀರಿನದಾಗಿತ್ತು, ಆಮೇಲೆ ಹಿಂದಿನ ಮೆಕ್ಯಾನಿಕ್‌ನದು, ಆಮೇಲೆ ಯಂತ್ರ ಮಾಡಿದವರದು. ಎಲ್ಲ ಮುಗಿದ ಮೇಲೂ ಬಾಯ್ಲರ್ ಹೊತ್ತಿಕೊಂಡಾಗಲೆಲ್ಲ ಏರುದಾರಿಯಲ್ಲಿ ಸಿಕ್ಕಿಕೊಂಡ ಬಸ್ಸಿನ ಹಾಗೆ ಗುರುಗುಟ್ಟುತ್ತಿತ್ತು. ಗುರುಗುಟ್ಟಿ, ಒಳಗಿನಿಂದ ಯಾರೋ ಬಾಗಿಲು ಬಡಿದಂತೆ ಬಡಿದು, ಮನೆಯ ಪೈಪುಗಳನ್ನೆಲ್ಲ ನಡುಗಿಸಿ, ಕೊನೆಗೆ ತನಗೆ ತಾನೇ ಆರಿಹೋಗುತ್ತಿತ್ತು.

ಬಹ್ರಿ ಹೊರಗೆ ಬಂದು ಹಳೆಯ ಪತ್ರಿಕೆಯ ಮೇಲೆ ಕೈ ಕೊಡವಿದ. ಮೊಟ್ಟೆಯ ಸಿಪ್ಪೆಯಂಥ ಬಿಳಿ ಚಕ್ಕೆಗಳು ಉದುರಿದವು.

"ನೋಡಿ ಇಲ್ಲಿ. ನಲ್ಲಿಗೆ ಹೋಗೋ ನೀರಿನ ದಾರೀಲಿ ಸುಣ್ಣ ಕಟ್ಟಿದ್ರೆ ಹೋಗ್ಲಿ ಅನ್ಬಹುದು. ಇದು ಕಟ್ಟಿರೋದು ಮನೆ ಕಾಯಿಸೋ ನೀರಿನ ದಾರೀಲಿ. ಆ ನೀರು ಒಳಗೊಳಗೇ ಸುತ್ತೋದು. ಬಾಯ್ಲರಿಂದ ಕೋಣೆಕೋಣೆಯ ರೇಡಿಯೇಟರಿಗೆ, ರೇಡಿಯೇಟರಿಂದ ವಾಪಸ್ ಬಾಯ್ಲರಿಗೆ. ಯಂತ್ರ ಕೂರಿಸಿದಾಗ ತುಂಬಿದ ನೀರೇ ಇವತ್ತಿಗೂ ಇರ್ಬೇಕು. ಹಂಗಿದ್ಮೇಲೆ ಇಷ್ಟು ಸುಣ್ಣ ಎಲ್ಲಿಂದ ಬರುತ್ತೆ?"

"ಅದನ್ನ ನಾನು ನಿಮ್ಮನ್ನ ಕೇಳ್ಬೇಕು!"

"ನಾನು ನಿಮ್ಮನ್ನ ಕೇಳ್ತಿದೀನಿ. ಏನೋ ಕೈಯಾಡಿಸ್ತಿದೀರಿ ನೀವು. ಹೆಂಗಸರಿಗೆ ಯಂತ್ರ ಕಂಡ್ರೆ ಕೈ ಸುಮ್ನಿರಲ್ಲ."

ಮೆದಿಹಾ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಕುಕ್ಕಿದಳು. "ನನ್ನ ಹೊಲಿಗೆ ಯಂತ್ರಾನ ನಾನೇ ಬಿಚ್ಚಿ ನಾನೇ ಜೋಡಿಸ್ತೀನಿ ಬಹ್ರಿ, ಅದು ಒಂದು ದಿನ ನರಳಿಲ್ಲ. ಇದು ನರಳೋಕೆ ಶುರು ಮಾಡಿದ್ದು ನೀವು ಮುಟ್ಟಿದ್ಮೇಲೆ."

ಬಹ್ರಿಗೆ ಇಂಥ ಮಾತು ತಟ್ಟುವುದಿಲ್ಲ. ಚೀಲದಲ್ಲಿ ಏನನ್ನೋ ಹುಡುಕುತ್ತ, "ಅಂದ ಹಾಗೆ, ನನ್ನ ಪುಟ್ಟ ಕೀಲಿ ನಿಮ್ಮನೇಲೇನಾದ್ರೂ ಉಳೀತಾ? ರೇಡಿಯೇಟರಿಂದ ಗಾಳಿ ತೆಗಿಯೋದು, ಹಿತ್ತಾಳೇದು. ಹೋದ ವರ್ಷದಿಂದ ಕಾಣ್ತಿಲ್ಲ," ಎಂದ.

"ನಿಮ್ಮ ಕೀಲಿ ತಗೊಂಡು ನಾನೇನ್ಮಾಡ್ಲಿ? ಕಿವಿಗೆ ಹಾಕ್ಕೊಳ್ಲಾ?"

ಅವನು ನಕ್ಕು ಒಂದು ಡಬ್ಬಿ ತೆಗೆದು ಅದರಲ್ಲಿದ್ದ ಘಾಟು ದ್ರವವನ್ನು ಪೈಪಿನೊಳಗೆ ಸುರಿದ. ಶುಕ್ರವಾರದವರೆಗೆ ಅದು ಒಳಗೆ ಸುತ್ತಬೇಕು, ಸುಣ್ಣವನ್ನು ತಿನ್ನಬೇಕು. ಜುಮ್ಮಾ ನಮಾಜು ಮುಗಿಸಿ ಬಂದು ಎಲ್ಲ ನೀರನ್ನೂ ಹೊರಹಾಕಿ ತೊಳೆದುಕೊಡುತ್ತಾನಂತೆ. "ಅಲ್ಲಿವರೆಗೆ ಈ ನೀರು ಯಾರ ಮೈಗೂ ತಾಗಬಾರ್ದು, ಚರ್ಮ ಸುಲಿಯುತ್ತೆ. ಇದಕ್ಕೂ ಬಗ್ಗಲಿಲ್ಲ ಅಂದ್ರೆ ರಿದ್ವಾನಣ್ಣಂಗೆ ಹೇಳಿ ಹೊಸದನ್ನೇ ತನ್ನಿ."

ರಿದ್ವಾನ್, ಮೆದಿಹಾಳ ಗಂಡ, ಅಂತಾಲ್ಯಾ ದಾರಿಯ ಬಸ್ಸು ಓಡಿಸುತ್ತಾನೆ. ಅವನಿಗೆ ಬೆಚ್ಚಗಿನ ಡ್ರೈವರ್ ಸೀಟು ಇದೆ. ಮನೆ ತಣ್ಣಗಿದ್ದರೆ ಅದಕ್ಕೆ ಮಾತು ಕೇಳಬೇಕಾದವಳು ಮೆದಿಹಾ.

ಮಾತು ಅದೇ ಸಂಜೆ ಇಜ್ಮಿರ್ ನಗರದಿಂದ ಫೋನಿನಲ್ಲಿ ಬಂತು. ರಿದ್ವಾನನ ಅಕ್ಕ ನೆರಿಮಾನ್, ಉಭಯಕುಶಲೋಪರಿ ಕೂಡ ಇಲ್ಲದೆ ಶುರು ಮಾಡಿದಳು.

"ಅಮ್ಮಂಗೆ ಮತ್ತೆ ನೆಗಡಿಯಂತೆ?"

"ಚಳಿಗಾಲ ಅಕ್ಕಾ. ಊರಿಗೆಲ್ಲ ನೆಗಡಿ."

"ಊರಿಗೆಲ್ಲ ಬಾಯ್ಲರ್ ಕೆಟ್ಟಿಲ್ಲವಲ್ಲ. ಎರಡು ಚಳಿಗಾಲ ನೋಡಿದೆ ಮೆದಿಹಾ, ಇನ್ನು ನೋಡಲ್ಲ. ಶುಕ್ರವಾರ ಬರ್ತೀನಿ. ಮನೆ ಬೆಚ್ಚಗಿದ್ರೆ ಸರಿ. ಇಲ್ಲದಿದ್ರೆ ಅಮ್ಮನ್ನ ಅವತ್ತೇ ಕರ್ಕೊಂಡು ಹೋಗ್ತೀನಿ."

ಫೋನಿಟ್ಟ ಮೆದಿಹಾ ಪಕ್ಕದ ಕೋಣೆಗೆ ಹೋದಳು. ಅತ್ತೆ ಕೆಜ್ಬಾನ್ ಮಂಚದ ಮೇಲೆ, ರೇಡಿಯೇಟರಿಗೆ ಬೆನ್ನು ತಾಗಿಸಿ, ಮೊಣಕಾಲ ಮೇಲೆ ರಜಾಯಿ ಹೊದ್ದು ಜಪಮಣಿ ತಿರುಗಿಸುತ್ತಿದ್ದಳು. ಪ್ರವಾದಿಯ ಹುಟ್ಟಿನ ಪದ್ಯಗಳನ್ನು ಮನೆಮನೆಗೆ ಹೋಗಿ ಹಾಡುತ್ತಿದ್ದ ಹೆಂಗಸು. ಈಗ ಹೊರಗೆ ಹೋಗುವುದಿಲ್ಲ, ಆದರೆ ಪದ್ಯ ಬಾಯಿ ಬಿಟ್ಟಿಲ್ಲ. ತಾಯಿಯಿಲ್ಲದ ಮೆದಿಹಾ ಮದುವೆಯಾಗಿ ಬಂದ ಮೊದಲ ವಾರ ಅಳುತ್ತ ಮಲಗಿದ್ದಾಗ, ಗೋಡೆಯಾಚೆಯಿಂದ ಈ ಗುಣುಗುಣು ಕೇಳಿ ನಿದ್ದೆ ಹೋಗಿದ್ದಳು. ಅವತ್ತಿನಿಂದ ಅದು ಇಲ್ಲದೆ ಅವಳಿಗೆ ಬೆಳಗಾಗಿದ್ದಿಲ್ಲ. ಇಜ್ಮಿರಿನಲ್ಲಿ ಲಿಫ್ಟ್ ಹತ್ತಿ ಹೋಗಬೇಕಾದ ಮನೆಯಲ್ಲಿ, ದಿನವಿಡೀ ಹಚ್ಚಿಟ್ಟ ಟಿವಿಯ ಮುಂದೆ ಕೆಜ್ಬಾನ್ ಕುಳಿತಿರುವುದನ್ನು ಮೆದಿಹಾ ಊಹಿಸಿಕೊಂಡಳು. ಆಮೇಲೆ ಆ ಸಂಕಟವೆಲ್ಲ ನೇರ ಬಾಯ್ಲರಿನ ಮೇಲಿನ ಸಿಟ್ಟಾಗಿ ತಿರುಗಿತು.

"ಹಾಳಾದ್ದು. ಬಿಚ್ಚಿ ಬೀದಿಗೆ ಎಸೀತೀನಿ."

"ಬೈಬೇಡ ಕಣೇ, ಅದಕ್ಕೂ ವಯಸ್ಸಾಯ್ತು," ಎಂದಳು ಕೆಜ್ಬಾನ್ ಮೂಗು ಒರೆಸಿಕೊಳ್ಳುತ್ತ. "ನೀನು ರಾತ್ರಿಯೆಲ್ಲ ಕೂತು ಹೊಲೀಬೇಡ. ನಿದ್ದೆ ಇಲ್ಲದೆ ಮುಖ ನೋಡು ಹೆಂಗಾಗಿದೆ. ನಿನ್ನ ಗೊರಕೆ ಕೇಳಿದ್ರೇನೇ ನಂಗೆ ನೆಮ್ಮದಿ."

"ನಾನು ಗೊರಕೆ ಹೊಡಿಯಲ್ಲಮ್ಮಾ!"

"ಹೊಡೀತೀಯ. ಬೆಕ್ಕಿನ ಥರ."

ಮದುವಣಗಿತ್ತಿಯರ ಉಡುಪು ಬಿಗಿ ಮಾಡುವುದು, ಸಡಿಲ ಮಾಡುವುದು ಮೆದಿಹಾಳ ಕೆಲಸ. ಮಾರನೆಯ ದಿನ ಒಂದು ಬಿಳಿ ಗೌನಿನ ಅಂಚಿಗೆ ಮಣಿ ಹೊಲಿಯುತ್ತ ಕುಳಿತಾಗಲೂ ಅವಳ ತಲೆ ತುಂಬ ಬಹ್ರಿಯ ಮಾತೇ. ಸಂಜೆ ಚಹಾದ ಕೆಟಲ್ಲಿಗೆ ವಿನೆಗರ್ ಹಾಕಿ ತಳದ ಸುಣ್ಣ ಉಜ್ಜುವಾಗ ಅವಳ ಕೈ ನಿಂತಿತು. ಕೆಟಲ್ಲಿಗೆ ಸುಣ್ಣ ಕಟ್ಟುವುದು ಯಾಕೆ? ದಿನಾ ಹೊಸ ನೀರು ಹಾಕುವುದರಿಂದ. ಒಮ್ಮೆ ಹಾಕಿದ ನೀರನ್ನೇ ವರ್ಷವಿಡೀ ಕುದಿಸಿದರೆ ಅದರಲ್ಲಿದ್ದ ಸುಣ್ಣ ಒಂದೇ ಸಲ ತಳ ಹಿಡಿದು ಮುಗಿಯಬೇಕು. ಹಾಗಾದರೆ ಬಾಯ್ಲರಿಗೂ ಎಲ್ಲಿಂದಲೋ ಹೊಸ ನೀರು ಬರುತ್ತಿದೆ.

ಅವಳು ಬಾಲ್ಕನಿಗೆ ಹೋಗಿ ಯಂತ್ರದ ಮುಖ ನೋಡಿದಳು. ಒಳಗಿನ ನೀರಿನ ಒತ್ತಡ ತೋರಿಸುವ ಮುಳ್ಳು ಹಸಿರು ಪಟ್ಟಿಯ ನಟ್ಟನಡುವೆ ನಿಂತಿತ್ತು. ಯಾವಾಗ ನೋಡಿದರೂ ಅಲ್ಲೇ. ಕೆಳಮನೆಯವರು, ಎದುರುಮನೆಯವರು ಎಲ್ಲರೂ ಚಳಿಗಾಲದಲ್ಲಿ ಒಂದಲ್ಲ ಒಂದು ದಿನ "ಮುಳ್ಳು ಇಳೀತು" ಎಂದು ಗೊಣಗಿದವರೇ. ಈ ಮನೆಯಲ್ಲಿ ಮಾತ್ರ ಮುಳ್ಳು ಮಿಸುಕಿದ್ದಿಲ್ಲ. ಇಷ್ಟು ಹಾಳಾದ ಯಂತ್ರದಲ್ಲಿ ಅದೊಂದು ಮಾತ್ರ ಇಷ್ಟು ನೆಟ್ಟಗಿರುವುದು ಹೇಗೆ?

ಮುಳ್ಳು ಇಳಿದರೆ ತಿರುಗಿಸಿ ನೀರು ತುಂಬುವ ಕರಿ ಗುಂಡಿಯೊಂದು ಯಂತ್ರದ ಅಡಿಯಲ್ಲಿದೆ. ಮೆದಿಹಾ ಹೊಲಿಗೆ ಡಬ್ಬಿಯಿಂದ ಬಿಳಿ ದಾರ ತಂದು ಆ ಗುಂಡಿಗೂ ಪಕ್ಕದ ಪೈಪಿಗೂ ಸೇರಿಸಿ ಒಂದು ಸುತ್ತು ಬಿಗಿದು ಗಂಟು ಹಾಕಿದಳು. ತನಗೆ ತಾನೇ ನಗು ಬಂತು. ಯಾರನ್ನು ಹಿಡಿಯುವುದಕ್ಕೆ ಇದು? ಮನೆಯಲ್ಲಿ ಇರುವವರು ಇಬ್ಬರು.

ಬುಧವಾರ ಬೆಳಿಗ್ಗೆ ದಾರ ತುಂಡಾಗಿ ನೆಲದ ಮೇಲೆ ಬಿದ್ದಿತ್ತು.

ಅವಳು ದಾರವನ್ನು ಬೆರಳಿಗೆ ಸುತ್ತಿಕೊಂಡು ಒಳಗೆ ಬಂದಳು. ತಿಂಡಿಗೆ ಕುಳಿತಾಗ ಕೆಜ್ಬಾನ್ ಗಸಗಸೆ ರೊಟ್ಟಿಗೆ ಕೆನೆ ಸವರಲು ಕೈ ಚಾಚಿದಳು. ಮಣಿಕಟ್ಟಿನವರೆಗೂ ಚರ್ಮ ಕೆಂಪೇರಿ, ಬೆರಳ ಸಂದಿಯಲ್ಲಿ ಸೀಳಿತ್ತು.

"ಏನಾಯ್ತಮ್ಮಾ ಕೈಗೆ?"

"ಚಳಿ ಕಣೇ. ವಯಸ್ಸಾದವರ ತೊಗಲು." ಕೆಜ್ಬಾನ್ ಕೈ ರಜಾಯಿಯೊಳಗೆ ಎಳೆದುಕೊಂಡಳು. ಜಪಮಣಿಯ ತುದಿಯಲ್ಲಿ ಹಿತ್ತಾಳೆಯದೊಂದು ಪುಟ್ಟ ಕೀಲಿ ಜೋತಾಡಿತು. ಅದು ಅತ್ತೆಯ ಟ್ರಂಕಿನ ಕೀಲಿ ಎಂದೇ ಮೆದಿಹಾ ಇಷ್ಟು ದಿನ ತಿಳಿದಿದ್ದಳು. ಬಹ್ರಿ ಹುಡುಕಿದ್ದೂ ಹಿತ್ತಾಳೆಯ ಪುಟ್ಟ ಕೀಲಿಯನ್ನೇ. ಇಲ್ಲ, ಇರಲಾರದು. ಕೇಳಿಬಿಡೋಣ ಎಂದು ಬಾಯಿ ತೆರೆದಳು, ಕೇಳಿದ್ದು, "ಇನ್ನೊಂದು ಲೋಟ ಚಹಾ ಬೇಕಾ?"

ಗುರುವಾರ ಮಸೀದಿಯಿಂದ ಕೂಗು ಕೇಳುವ ಮೊದಲೇ ಅವಳು ಎದ್ದು ಕತ್ತಲಲ್ಲಿ ಅತ್ತೆಯ ಕೋಣೆಯ ಬಾಗಿಲ ಸಂದಿಗೆ ಬಂದು ನಿಂತಳು. ಬೀದಿದೀಪದ ಮಬ್ಬು ಬೆಳಕಿನಲ್ಲಿ ಕೆಜ್ಬಾನ್ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ರೇಡಿಯೇಟರಿನ ಪಕ್ಕೆಯಲ್ಲಿ ಆ ಪುಟ್ಟ ಕೀಲಿಯನ್ನು ತಿರುಗಿಸಿದಳು. ಸಣ್ಣಗೆ ಉಸಿರು ಬಿಟ್ಟಂತೆ ಸದ್ದು, ಆಮೇಲೆ ನೂಲಿನಂಥ ನೀರು ತಾಮ್ರದ ಗಿಂಡಿಯೊಳಗೆ ಇಳಿಯತೊಡಗಿತು. ಮುದುಕಿ ಪದ್ಯ ಗುಣುಗುಣಿಸುತ್ತ, ಗಿಂಡಿ ತುಂಬುವವರೆಗೆ ಕಾದಳು. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಜೂಗೆಂದು ತೋಳಿನ ಬಟ್ಟೆ ಮಡಿಸಿ, ಗಿಂಡಿ ಬಗ್ಗಿಸಿ, ಮೊದಲ ಹನಿಗೆ ಕೈ ಒಡ್ಡಿದಳು.

"ಮುಟ್ಬೇಡಿ!"

ಮೆದಿಹಾ ನುಗ್ಗಿದ ರಭಸಕ್ಕೆ ಗಿಂಡಿ ಉರುಳಿತು. ನೀರು ಜಮಖಾನೆಯ ಮೇಲೆ ಹರಿಯಿತು.

"ಏನಮ್ಮಾ ಇದು? ಏನಿದು? ಎರಡು ಚಳಿಗಾಲ! ಎರಡು ಚಳಿಗಾಲ ಆ ಬಹ್ರಿ ಕೈಲಿ ಬೈಸ್ಕೊಂಡೆ, ನೆರಿಮಾನಕ್ಕನ ಕೈಲಿ ಬೈಸ್ಕೊಂಡೆ, ವಿನೆಗರ್ ಹಾಕಿದೆ, ಅಯಸ್ಕಾಂತ ಕಟ್ಟಿಸ್ದೆ, ಮಂತ್ರ ಒಂದು ಹಾಕಿಸ್ಲಿಲ್ಲ! ದಿನಾ ನೀವು ಇಲ್ಲಿ ನೀರು ತೆಗಿಯೋದು, ಅಲ್ಲಿ ಹೋಗಿ ತುಂಬೋದು. ದಿನಾ ಹೊಸ ಸುಣ್ಣ ಉಣಿಸ್ತಿದೀರಿ ಅದಕ್ಕೆ, ಕೂಸಿಗೆ ಉಣಿಸಿದ ಹಾಗೆ!"

ಕೆಜ್ಬಾನ್ ಒದ್ದೆ ಜಮಖಾನೆಯನ್ನು ನೋಡುತ್ತ ಕುಳಿತೇ ಇದ್ದಳು. "ಮುಳ್ಳು ಇಳಿದ್ರೆ ಕರಿ ಗುಂಡಿ ತಿರುಗಿಸು ಅಂತ ರಿದ್ವಾನೇ ಹೇಳ್ಕೊಟ್ಟಿದ್ದ. ಹಸಿರಿಗೆ ಬರೋ ತನಕ. ಒಂದು ದಿನಾನೂ ತಪ್ಪಿಸ್ಲಿಲ್ಲ ನಾನು."

"ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ಇಲ್ವಾ?"

"ಇದೆ. ತಿರುಗಿಸಿದ್ರೆ ಅದು ಅರಚುತ್ತಲ್ಲ." ಕೆಜ್ಬಾನ್ ಮೆಲ್ಲಗೆ ಬಾಲ್ಕನಿಯ ಕಡೆ ಕೈ ತೋರಿಸಿದಳು. "ನೀನು ಆಗಷ್ಟೇ ಮಲಗಿರ್ತೀಯ. ಮೊದಮೊದಲು ಸಣ್ಣಗೆ ಗೊಣಗೋದು, ಆಗಲೇ ನೀನು ಮಗ್ಗುಲು ಬದಲಾಯಿಸೋದು ನಂಗೆ ಕೇಳಿಸೋದು. ತಣ್ಣೀರು ಹಾಕ್ಕೊಂಡ್ರೆ ಗಂಟುಗಳೆಲ್ಲ ಹಿಡ್ಕೊಳುತ್ತೆ. ಆ ಹುಡುಗ ಗಾಳಿ ತೆಗಿಯೋವಾಗ ನೋಡಿದೆ, ಇದರಲ್ಲಿ ಉಗುರುಬೆಚ್ಚಗೆ ನೀರು ಬಂತು, ಸದ್ದಿಲ್ಲದೆ. ಕೀಲಿ ಅವನೇ ನನ್ನ ಕಿಟಕೀಲಿ ಬಿಟ್ಟು ಹೋದ. ಅಲ್ಲಾಹನೇ ಕೊಟ್ಟ ಅಂದ್ಕೊಂಡೆ."

ಮೆದಿಹಾಳ ಬಾಯಲ್ಲಿ ಇನ್ನೂ ಎಷ್ಟೋ ಮಾತಿತ್ತು. ಅರಚುತ್ತದೆ ಎಂದು ಈ ನೀರು ತೆಗೆದದ್ದು. ಈ ನೀರು ತೆಗೆದದ್ದಕ್ಕೆ ಅದು ಇನ್ನಷ್ಟು ಅರಚಿದ್ದು. ಇದನ್ನು ಯಾರಿಗೆ ಹೇಳಿ ಯಾರನ್ನು ಬೈಯುವುದು? ಅವಳು ಟವಲು ತಂದು ಅತ್ತೆಯ ಕೈಗಳನ್ನು ಒತ್ತಿ ಒತ್ತಿ ಒರೆಸಿದಳು, ಸ್ವಲ್ಪ ಒರಟಾಗಿಯೇ.

"ಸೋಮವಾರದಿಂದ ಇದಕ್ಕೆ ಮದ್ದು ಹಾಕಿದಾರೆ. ವಾಸನೆ ಬರ್ಲಿಲ್ವಾ ನಿಮಗೆ?"

"ಮೂಗು ಕಟ್ಟಿದೆ ಕಣೇ." ಕೆಜ್ಬಾನ್ ತನ್ನ ಕೈಗಳನ್ನು ನೋಡಿಕೊಳ್ಳುತ್ತ ಕೇಳಿದಳು, "ಮದ್ದು ಬೆರೆತ ನೀರಲ್ಲಿ ವುಜೂ ಆಗುತ್ತಾ?"

ಮೆದಿಹಾ ಉರುಳಿದ ಗಿಂಡಿಯನ್ನು ಎತ್ತಿ ನೆಟ್ಟಗಿಟ್ಟಳು.

"ಇರ್ಲಿ. ಆ ನಮಾಜುಗಳನ್ನ ಮತ್ತೆ ಮಾಡ್ತೀನಿ. ಅದು ನಂಗೂ ಅಲ್ಲಾಹನಿಗೂ ಸೇರಿದ್ದು. ನೆರಿಮಾನ್‌ಗೆ ಏನ್ ಹೇಳೋದು, ಅದನ್ನ ಯೋಚ್ನೆ ಮಾಡು." ಅವಳ ದನಿ ಮೊದಲ ಬಾರಿ ಅಲುಗಿತು. "ಅವಳ ಅತ್ತೆ ಒಲೆ ಆರಿಸೋದು ಮರೆತ್ಲು ಅಂತ ಏನ್ಮಾಡಿದ್ರು ಗೊತ್ತಲ್ಲ. ಬೀಗ ಹಾಕಿದ ಕೋಣೆ, ಕಾಯೋಕೆ ಒಬ್ಳು ಹೆಂಗಸು. ನಂಗೆ ಮರೆವು ಬಂದಿಲ್ಲ ಮಗಳೇ. ನಂಗೆಲ್ಲ ನೆನಪಿದೆ."

ಆ ಬೆಳಗಿನ ವುಜೂಗೆ ಮೆದಿಹಾ ಒಲೆಯ ಮೇಲೆ ನೀರು ಕಾಯಿಸಿ ಕೊಟ್ಟಳು. ರಾತ್ರಿ ಮಲಗುವ ಮುಂಚೆ ಒಂದು ಫ್ಲಾಸ್ಕಿಗೆ ಬಿಸಿನೀರು ತುಂಬಿ, ಅತ್ತೆಯ ಮಂಚದ ಪಕ್ಕ ಇಟ್ಟು ಬಂದಳು.

ಶುಕ್ರವಾರ ನೆರಿಮಾನ್ ಬಂದವಳು ಕೋಟು ತೆಗೆಯಲಿಲ್ಲ. ಉಣ್ಣೆಯ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ಕೈಚೀಲ ಮಡಿಲಲ್ಲಿಟ್ಟುಕೊಂಡು, ಬಸ್ ನಿಲ್ದಾಣದಲ್ಲಿ ಕುಳಿತವಳಂತೆ ಸೋಫಾದ ತುದಿಯಲ್ಲಿ ಕುಳಿತಳು. ಬಾಲ್ಕನಿಯಲ್ಲಿ ಬಹ್ರಿ ರೇಡಿಯೇಟರುಗಳ ನೀರನ್ನೆಲ್ಲ ಬಕೆಟ್ಟಿಗೆ ಇಳಿಸುತ್ತಿದ್ದ.

"ಫ್ರಿಜ್ಜಲ್ಲಿ ಕೂತ ಹಾಗಿದೆ," ಎಂದಳು ನೆರಿಮಾನ್. "ಅಮ್ಮಾ, ಕೈ ನೋಡು ನಿಂದು! ಏನಿದು?"

"ಚಳಿಗೆ ಒಡೆದಿದೆ," ಎಂದಳು ಕೆಜ್ಬಾನ್.

ಅಷ್ಟರಲ್ಲಿ ಬಹ್ರಿ ಬಕೆಟ್ಟು ಹಿಡಿದೇ ಒಳಗೆ ಬಂದ. ಅವನ ಮುಖ ಹಬ್ಬದ ದಿನದ್ದಾಗಿತ್ತು. "ಸಿಕ್ತು! ನೋಡಿ ಈ ನೀರನ್ನ. ನಾನು ಹಾಕಿದ ಮದ್ದಿನ ಬಣ್ಣ ಎಲ್ಲಿ? ತೆಳ್ಳಗಾಗಿದೆ. ಯಾರೋ ಈ ನೀರು ತೆಗ್ದು ಹೊಸ ನೀರು ತುಂಬಿದಾರೆ. ಈ ನಾಲ್ಕು ದಿನದಲ್ಲೇ ಇಷ್ಟು ಅಂದ್ರೆ, ಎರಡು ಚಳಿಗಾಲದಲ್ಲಿ ಎಷ್ಟು ತೆಗ್ದಿರ್ಬೇಕು! ಯಾರ ಕೆಲಸ ಇದು?"

ನೆರಿಮಾನಳ ಕಣ್ಣು ತಾಯಿಯ ಕೆಂಪು ಕೈಗಳ ಮೇಲೆ ಹೋಯಿತು, ಅಲ್ಲೇ ನಿಂತಿತು. "ಅಮ್ಮಾ..." ಎಂದಳು, ಮಗುವಿನೊಡನೆ ಮಾತಾಡುವ ದನಿಯಲ್ಲಿ. "ಅಮ್ಮಾ, ನೀನೇನಾದ್ರೂ..."

ಕೆಜ್ಬಾನ್ ಜಪಮಣಿಯನ್ನು ಬಿಗಿಯಾಗಿ ಹಿಡಿದು ಬಾಯಿ ತೆರೆದಳು.

"ನಾನೇ," ಎಂದಳು ಮೆದಿಹಾ.

ಮೂವರೂ ಅವಳತ್ತ ತಿರುಗಿದರು.

"ಇಸ್ತ್ರಿಗೆ. ಮದುವೆ ಬಟ್ಟೆಗೆ ಚಿಮುಕಿಸೋಕೆ ಉಗುರುಬೆಚ್ಚಗಿನ ನೀರು ಬೇಕಾಗುತ್ತೆ. ಬಚ್ಚಲಿಗೆ ಯಾರು ಹೋಗ್ತಾರೆ ಅಂತ ಅಲ್ಲೇ ತಗೋತಿದ್ದೆ. ಆಮೇಲೆ ತುಂಬಿಬಿಡ್ತಿದ್ದೆ."

ಬಹ್ರಿ ಬಕೆಟ್ಟು ಕೆಳಗಿಟ್ಟು ಎರಡೂ ಕೈ ಮೇಲೆತ್ತಿದ. "ನಾನು ಹೇಳ್ಲಿಲ್ವಾ? ಸೋಮವಾರಾನೇ ಹೇಳಿದೆ! ಕೈಯಾಡಿಸ್ತಿದೀರಿ ಅಂದೆ. ಹೊಲಿಗೆ ಯಂತ್ರ ಬಿಚ್ತೀನಿ ಜೋಡಿಸ್ತೀನಿ ಅಂತ ನನಗೇ ಪಾಠ ಹೇಳಿದ್ರಿ! ಅಲ್ಲಕ್ಕಾ, ಇದು ಬಾಯ್ಲರ್ರು, ಚಹಾ ಕಾಯಿಸೋ ಸಮೋವರ್ ಅಲ್ಲ. ಮನೆಗೆ ಬಂದೋರಿಗೆಲ್ಲ ಇದರಿಂದ ಒಂದೊಂದು ಲೋಟ ಚಹಾನೂ ಕೊಟ್ರಾ ಹೆಂಗೆ?"

ಮೆದಿಹಾ ಹಲ್ಲು ಕಚ್ಚಿ ನಿಂತಳು. ಕಿವಿ ಬಿಸಿಯಾದವು. ಈ ಮಾತು ಸಂಜೆಯೊಳಗೆ ಬೀದಿಯ ಕೊನೆಯ ಬೇಕರಿಯನ್ನು ಮುಟ್ಟುತ್ತದೆ, ನಾಳೆ ಮದುವಣಗಿತ್ತಿಯರ ತಾಯಂದಿರನ್ನು ಮುಟ್ಟುತ್ತದೆ, ಅದೂ ಅವಳಿಗೆ ಗೊತ್ತು.

"ಮತ್ತೆ ನನ್ನ ಕೀಲಿ?"

ಅವಳು ಅತ್ತೆಯ ಬಳಿ ಹೋಗಿ ಬಗ್ಗಿ, ಜಪಮಣಿಯ ತುದಿಯ ಗಂಟನ್ನು ಉಗುರಿನಿಂದ ಬಿಡಿಸಿದಳು. "ಕಳೆದುಹೋಗ್ದೇ ಇರ್ಲಿ ಅಂತ ಅಮ್ಮನ ಹತ್ರ ಕಟ್ಟಿಟ್ಟಿದ್ದೆ," ಎಂದು ಅವನ ಅಂಗೈಗೆ ಹಾಕಿದಳು. "ಕಿವಿಗೆ ಭಾರ ಆಗ್ತಿತ್ತು."

"ಕೆಲಸದಲ್ಲಿ ಜಾಣೆ ಅಂತ ಅಮ್ಮ ನಿನ್ನನ್ನ ಹೊಗಳ್ತಾನೇ ಇರ್ತಾಳೆ," ಎಂದಳು ನೆರಿಮಾನ್, ಬೇರೇನೂ ಸಿಗದೆ.

ಬಹ್ರಿ ತೊಳೆದ, ತುಂಬಿದ, ಹಚ್ಚಿದ. ಗುರುಗುಟ್ಟುವಿಕೆಗೆ ಎಲ್ಲರೂ ಮೈ ಬಿಗಿ ಹಿಡಿದು ಕಾದರು. ಫುಸ್ ಎಂದು ಬೆಂಕಿ ಹೊತ್ತಿಕೊಂಡಿತು, ಅಷ್ಟೇ. ಪೈಪುಗಳು ಸುಮ್ಮನಿದ್ದವು. ರೇಡಿಯೇಟರಿನ ಮೇಲೆ ಒಣಹಾಕಿದ್ದ ಕಾಲುಚೀಲ ಬೆಚ್ಚಗಾಯಿತು, ಆಮೇಲೆ ಕಿಟಕಿಯ ಗಾಜಿನ ಮಂಜು ಇಳಿಯತೊಡಗಿತು. ನೆರಿಮಾನಳ ಹಣೆಯಲ್ಲಿ ಬೆವರು ಕಾಣಿಸಿತು. ಅವಳು ಕತ್ತಿನ ಗುಂಡಿಯೊಂದನ್ನು ಬಿಚ್ಚಿದಳು. ಸ್ವಲ್ಪ ಹೊತ್ತು ಹಟ ಹಿಡಿದು ಕುಳಿತು ಇನ್ನೊಂದನ್ನು ಬಿಚ್ಚಿದಳು.

"ಕೋಟು ತೆಗಿ ನೆರಿಮಾನ್," ಎಂದಳು ಕೆಜ್ಬಾನ್. "ಊಟ ಮಾಡಿ ಹೋಗುವಿಯಂತೆ."

ಮಾರನೆಯ ದಿನ ನೆರಿಮಾನ್ ಒಬ್ಬಳೇ ಬಸ್ಸು ಹತ್ತಿದಳು.

ಆ ರಾತ್ರಿ ಮೆದಿಹಾ ಫ್ಲಾಸ್ಕನ್ನು ತೊಳೆದು ಕಪಾಟಿನ ಮೇಲಿಟ್ಟಳು. ಬೆಳಗಿನ ಜಾವ ಅವಳಿಗೆ ತಾನಾಗಿ ಎಚ್ಚರವಾಯಿತು. ಕೋಣೆ ಕತ್ತಲು, ಗಾಜಿನಾಚೆ ಸದ್ದಿಲ್ಲದ ಹಿಮ. ಅತ್ತೆಯ ಬಾಗಿಲು ತೆರೆಯಿತು. ಬರಿಗಾಲಿನ ಸಪ್ಪಳ ಬಚ್ಚಲಿನ ಕಡೆಗೆ ಹೊರಟಿತು. ನಡುವೆ, ತನ್ನ ಬಾಗಿಲಾಚೆ, ಅದು ನಿಂತಿತು.

ಮೆದಿಹಾ ಉಸಿರು ಹಿಡಿದಳು. ಆಚೆಯೂ ಉಸಿರು ಹಿಡಿದಂತಿತ್ತು. ಗಳಿಗೆ ಕಳೆಯಿತು, ಹೆಜ್ಜೆ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಅವಳಿಗೆ ಒಮ್ಮೆಲೆ ಹೊಳೆಯಿತು. ಹೊಳೆದದ್ದಕ್ಕೆ ಸಿಟ್ಟೂ ಬಂತು. ಅವಳು ರಜಾಯಿಯನ್ನು ಗಲ್ಲದವರೆಗೆ ಎಳೆದುಕೊಂಡು, ಗೋಡೆಯ ಕಡೆ ತಿರುಗಿ, ಬಾಯಿ ಸ್ವಲ್ಪ ತೆರೆದು, ಬೆಕ್ಕಿನ ಥರ ಗೊರಕೆ ಹೊಡೆಯತೊಡಗಿದಳು.

ಹೆಜ್ಜೆ ಮುಂದಕ್ಕೆ ಸಾಗಿತು. ನಲ್ಲಿ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಬಾಲ್ಕನಿಯಲ್ಲಿ ಫುಸ್ ಎಂದು ನೀಲಿ ಬೆಂಕಿ ಹೊತ್ತಿಕೊಂಡಿತು. ನೀರು ಬೀಳುವ ಸದ್ದಿನ ಮೇಲೆ ಗುಣುಗುಣು ಪದ್ಯ ಶುರುವಾಯಿತು, ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಗಟ್ಟಿಯಾಗಿ. ಮೆದಿಹಾ ಕಣ್ಣು ತೆರೆದುಕೊಂಡೇ ಇನ್ನೂ ಕೆಲವು ಗೊರಕೆ ಹೊಡೆದಳು.